ಕಿವಿಗೋಲು

ರಾತ್ರಿ ಎರಡು. ಸೆತೊ ಕಡಲಿಗಿಳಿಯುವ ಬೀದಿಯಲ್ಲಿ
ಪುರಸಭೆಯ ನೀರಿನ ವಿಭಾಗದ ನಾಗತ್ಸುಕಾ ಯೊರಿಕೊ
ಉಕ್ಕಿನ ಕೋಲನ್ನು ಡಾಂಬರಿಗೂರಿ
ಮೇಲಿನ ತುದಿಗೆ ಕಿವಿಯಿಟ್ಟಿದ್ದಾಳೆ.

ಯಾವುದೋ ಫ್ರಿಜ್ಜಿನ ಗುಂಯ್. ಯಾರದೋ ಅಪರಾತ್ರಿಯ ಸ್ನಾನ.
ಇದಲ್ಲ. ಇದೂ ಅಲ್ಲ.

ಅವಳಜ್ಜ ಹುಟ್ಟುವ ಮೊದಲೇ ಹೂತ ಕೊಳವೆ;
ನಕ್ಷೆಯಲ್ಲಿ ನೆಟ್ಟಗಿದೆ, ನೆಲದೊಳಗೆ ಯಾಕೋ ಸೊಟ್ಟ.
ಹೊಸದು ಹಾಕಲು ವರ್ಷಕ್ಕೆ ಇನ್ನೂರು ಮೀಟರಿನಷ್ಟೇ ದುಡ್ಡು:
ಹೀಗೇ ಹೋದರೆ ಊರು ಮುಗಿಯಲು ನೂರಾಮೂವತ್ತು ವರ್ಷ,
ಅಷ್ಟರಲ್ಲಿ ಮೊದಲು ಹಾಕಿದ್ದೂ ಹಳತು.

ಮೀನಂಗಡಿಯ ಮುಂದೆ ಸಿಕ್ಕಿತು:
ಶ್‌ಶ್‌ಶ್... ಮಗುವನ್ನು ಸುಮ್ಮನಿರಿಸುವ ಸದ್ದು.
ಸೀಮೆಸುಣ್ಣದಲ್ಲಿ ಒಂದು ನೀಲಿ ಗೀಟು.
ಬೆಳಿಗ್ಗೆ ಅಗೆಯುವವರು ಬರಲಿ, ಅಂಗಡಿಯ ಮುದುಕ ಬೈಯಲಿ.

ಮನೆಗೆ ಬಂದು ಮಲಗಿದರೆ ದಿಂಬಿನೊಳಗೂ ನೀರು.
ಎದ್ದು ಹೋಗಿ ನೋಡಿದಳು:
ಅವಳದೇ ಅಡುಗೆಮನೆಯ ನಲ್ಲಿ.
ವಾಷರು ಹೋಗಿ ಮೂರು ತಿಂಗಳಾಯಿತು.