ಹತ್ತು ಲಕ್ಷ ಥೋಬು

ಮನಾಮದಲ್ಲಿ ವಾರ ಹುಟ್ಟುವುದು ಭಾನುವಾರ.
ಎಂಟೂವರೆಯೊಳಗೆ ಕಳಿಸಿದರೆ ಉಂಟು,
ಒಂಬತ್ತು ದಾಟಿತೋ, ನನ್ನ ಇಮೇಲು
ಹೋಟೆಲಿನ ಬಫೆಗಳ, ಬ್ಯಾಂಕಿನ ಬಹುಮಾನಗಳ
ಅಡಿಗೆ ಬಿದ್ದು ಉಸಿರು ಬಿಡುತ್ತದೆ.

ನಾನು ಸುದ್ದಿ ಬರೆಯುವವಳಲ್ಲ.
ಇದು ಸುದ್ದಿಯಾದೀತು ನೋಡಿ ಎಂದು
ಬಾಗಿಲು ತಟ್ಟುವವಳು.
ಮೊದಲ ಸಾಲಲ್ಲೇ ಕೊಕ್ಕೆ ಇರಬೇಕು,
ಗಿರಾಕಿಯ ಹೆಸರು ಮೂರನೆಯ ಸಾಲಿನವರೆಗೆ
ತಲೆ ಎತ್ತಬಾರದು,
‘ಅತ್ಯುತ್ತಮ’ ಎಂಬ ಪದ ಕಂಡರೆ
ಬುಥೈನಾ ಮುಂದೆ ಓದುವುದಿಲ್ಲ.

ಈ ಸಲದ ಗಿರಾಕಿ ಲಾಂಡ್ರಿ.
ರಿಫಾದಲ್ಲಿ ಏಳನೆಯ ಶಾಖೆ.
ಮಾಲೀಕನಿಗೆ ರಿಬ್ಬನ್ನು ಕತ್ತರಿಸುವ ಫೋಟೋ ಬೇಕು,
ಮೊದಲ ಪುಟ, ಬಣ್ಣದಲ್ಲಿ.
ಬುಥೈನಾ ಬರೆದದ್ದು ಒಂದೇ ಸಾಲು:
“ಇದರಲ್ಲಿ ಮನುಷ್ಯ ಎಲ್ಲಿ?”

ಹುಡುಕಿದೆ. ಗುದೈಬಿಯಾದ ಹಳೆಯ ಶಾಖೆಯ ಹಿಂಬದಿ
ಹಬೆಯೊಳಗೆ ಸಿಕ್ಕ: ದಾವಲಸಾಬ, ಸವಣೂರು.
ಹತ್ತೊಂಬತ್ತು ವರ್ಷದಿಂದ ನಿಂತಿದ್ದಾನೆ.
ದಿನಕ್ಕೆ ನೂರೈವತ್ತು ಥೋಬು, ವಾರಕ್ಕೆ ಆರು ದಿನ,
ಒಂದು ಕಾಲರೂ ಸುಟ್ಟಿಲ್ಲ.
ಲೆಕ್ಕ ಹಾಕಿದರೆ ಎಂಟೂವರೆ ಲಕ್ಷ ಬಂತು.
ಶೀರ್ಷಿಕೆಗೆ ಚೆಂದವೆಂದು ಹತ್ತು ಮಾಡಿದೆ.

“ಹತ್ತು ಲಕ್ಷ ಥೋಬುಗಳ ಮನುಷ್ಯ”
ಕಳಿಸಿ, ಚಹಾ ಲೋಟ ಕೆಳಗಿಡುವುದರೊಳಗೆ ಉತ್ತರ:
“ಬೇಕು. ನಂಬರು ಕೊಡು. ಕೈಗಳ ಫೋಟೋ ನಾವೇ ತೆಗೆಯುತ್ತೇವೆ.”
ಎಂಟು ತಿಂಗಳಲ್ಲಿ ಅವಳ ಮೊದಲ ‘ಬೇಕು’.

ಹಲ್ವಾ ಪೊಟ್ಟಣ ಹಿಡಿದು ಓಡಿದೆ.
ಅವನು ಇಸ್ತ್ರಿಯನ್ನು ನೆಟ್ಟಗೆ ನಿಲ್ಲಿಸಿದ.
“ಬ್ಯಾಡ್ರೀ ಮೇಡಂ.
ನಾ ಆಫೀಸಿನ್ಯಾಗ ಅದೀನಂತ ಮನ್ಯಾಗ ತಿಳದಾರ.
ಮ್ಯಾನೇಜರ್ ಇಲ್ದಾಗ ಅವರ ಕುರ್ಚಿಮ್ಯಾಲ ಕುಂತು
ಫೋಟೋ ಹೊಡಿಸಿ ಕಳಿಸೀನಿ.
ಮಗಳ ನಿಖಾದ ಮಾತು ನಡದೈತಿ, ಅಲ್ಲೂ ಅದನ್ನ ಹೇಳೇವಿ.
ನಿಮ್ಮ ಪೇಪರ್ ಇಲ್ಲಿ ಮುಂಜಾನೆ ಬಂದ್ರ
ಸಂಜಿಗೆ ಸವಣೂರಿನ ಎಲ್ಲಾ ಫೋನಿನ್ಯಾಗ ಇರ್ತೈತಿ.”

ಏನು ಹೇಳಲಿ,
ಅವನೂ ನನ್ನ ಕಸುಬಿನವನೇ.
ಪ್ರತಿ ಶುಕ್ರವಾರ ಜುಮ್ಮಾ ಮುಗಿಸಿ
ಒಬ್ಬಳೇ ಸಂಪಾದಕಿಗೆ, ಮಾಬೂಬಿಗೆ,
ಒಂದೊಂದು ಕಥೆ ಕಳಿಸಿದವ:
ಎಸಿ ಕೋಣೆ, ಫೈಲು, ಅರಬ್ಬಿ ಸಾಹೇಬನ ಶಹಬ್ಬಾಸ್.
ಅವಳು ಒಂದನ್ನೂ ವಾಪಸು ಮಾಡಿಲ್ಲ.
ನಂಬಿ ತೆಗೆದುಕೊಂಡಳೋ
ಗೊತ್ತಿದ್ದೇ ಅಚ್ಚು ಹಾಕಿದಳೋ
ಅವನು ಕೇಳಿಲ್ಲ.

ಬುಥೈನಾಗೆ ಬರೆದೆ: ತುರ್ತು ರಜೆ, ಊರಿಗೆ ಹೋಗಿದ್ದಾನೆ.
“ಬಂದಾಗ ಹೇಳು.”
ಈಗ ಪ್ರತಿ ಭಾನುವಾರ ಅವಳೇ ನನ್ನ ಬಾಗಿಲು ತಟ್ಟುತ್ತಾಳೆ.

ಮಾಲೀಕನಿಗಾಗಿ ಬೇರೆ ಪತ್ರಿಕೆಗೆ ಬೇರೆ ಕೊಕ್ಕೆ:
“ಥೋಬಿನ ಕಲೆ ತೆಗೆಯಲು ಐದು ಉಪಾಯ.”
ಬಂತು. ಆರನೆಯ ಪುಟ, ಮೂರು ಇಂಚು,
ಟಯರು ಜಾಹೀರಾತಿನ ನೆತ್ತಿಯ ಮೇಲೆ.
ಮಾಲೀಕ ಅದಕ್ಕೇ ಚೌಕಟ್ಟು ಹಾಕಿಸಿದ.

ಗುರುವಾರ ನನ್ನ ಕುರ್ತಾ ತರಲು ಹೋದಾಗ
ದಾವಲಸಾಬನ ಜೇಬಲ್ಲಿ ಅದೇ ತುಣುಕು, ಮಡಿಕೆ ಸಮೇತ ಗರಿಗರಿ.
“ಕೌಂಟರಿನ ಹುಡುಗ ಓದಿ ಹೇಳಿದ. ಮೂರನೇದು ತಪ್ಪೈತ್ರೀ.
ಊದಿನ ಎಣ್ಣಿ ಬಿದ್ದಲ್ಲಿ ಬಿಸಿನೀರು ಹಾಕಬಾರ್ದು,
ಕಲೆ ಅಲ್ಲೇ ಮನಿ ಮಾಡ್ತೈತಿ.
ಮದಲ ಸೀಮೆಸುಣ್ಣದ ಪುಡಿ, ಒಂದು ರಾತ್ರಿ.
ಪಾಪ, ಯಾರರ ಹಬ್ಬದ ಥೋಬು ಹಾಳು ಮಾಡ್ಕೊಂಡಾರು.
ಪೇಪರಿನ್ಯಾಗ ಒಂದು ಮಾತು ಹಾಕಸ್ರಿ.”

ಭಾನುವಾರ. ಎಂಟು ಇಪ್ಪತ್ತು.
ತಿದ್ದುಪಡಿ ಬರೆದಿಟ್ಟಿದ್ದೇನೆ, ಎರಡೇ ಸಾಲು.
ಹಾಕುತ್ತಾರೆ, ಸಂದೇಹವಿಲ್ಲ.
ಹಾಕುವ ಮೊದಲು ಕೇಳುತ್ತಾರೆ:
ಹೇಳಿದವರು ಯಾರು?