ಎರಡನೆಯ ಅಚ್ಚು

ಬಳೇಪೇಟೆಯ ಮಹಡಿಯಲ್ಲಿ ದತ್ತೋಜಿರಾಯರು
ಮುಳ್ಳು ಬದಲಿಸಿ, ತೋಳಿನ ತೂಕಕ್ಕೆ
ಹಳೇ ಮೂರು ಪೈಸೆ ಅಂಟಿಸಿ
"ಈಗ ಕೇಳಿ" ಅಂದರು.

ಮೊದಲು ಹೊಸ ಅಚ್ಚು: ತಟ್ಟೆ ದಪ್ಪ, ಬೆಲೆಯೂ.
ವೀಣೆ ಮೈಮೇಲೇ ಬಂತು.
ಮೀಟು, ಗಮಕ, ಗಮಕದ ಬಾಲ
ಎಲ್ಲ ಒಂದೇ ಎತ್ತರ,
ಟ್ಯೂಬ್‌ಲೈಟಿನ ಕೆಳಗೆ ಮದುಮಗಳು.

ಆಮೇಲೆ ಹಳೆಯದು.
ಚಟಪಟ ಒಗ್ಗರಣೆ.
ವೀಣೆ ಒಂದು ಮಾರು ಹಿಂದೆ ಸರಿದು ಕೂತಿತು.
ತಾನ ಮುಗಿದ ಆ ಖಾಲಿಯಲ್ಲಿ
ತಂಬೂರಿಗೆ ತಾಗಿದ ಬಳೆ.

ನಮ್ಮ ಸೋದರತ್ತೆಯದು.
ಹೊದಿಕೆಯ ಮೇಲೆ ಅವಳ ಹೆಸರಿಲ್ಲ.

ಹೊಸದರಲ್ಲಿ ಯಾರೋ ಅದನ್ನು
ಗಲೀಜೆಂದು ಒರೆಸಿದ್ದಾರೆ,
ಬಲು ಶ್ರದ್ಧೆಯಿಂದ.

ಕೆಳಗೆ ಲಾರಿ ಹೋಯಿತು. ಮುಳ್ಳು ಹಾರಿತು.
ರಾಯರು ಲಾರಿಯನ್ನು ಮರಾಠಿಯಲ್ಲಿ ಬೈದು
ನನ್ನ ಮುಖ ನೋಡದೆ
ಮತ್ತೆ ಅಲ್ಲಿಗೇ ಇಟ್ಟರು.