ಹನ್ನೊಂದು–ಸೊನ್ನೆ

ಆಸ್ಟಿನ್ ಟೌನ್ ಮೈದಾನ. ಹನ್ನೊಂದು–ಸೊನ್ನೆ.
ಗೋಲಿನಲ್ಲಿ ನಿಂತವಳು ನಾನೇ.

ಮರುದಿನ ಇಂಗ್ಲಿಷ್ ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲು:
ಥ್ರ್ಯಾಶಿಂಗ್ ಅಂತೆ, ಕೇಕ್‌ವಾಕ್ ಅಂತೆ.
ಜೆಸಿಂತಾ ಮಿಸ್ ಅರ್ಥ ಹೇಳಿದರು, ಮೆಲ್ಲಗೆ,
ಗಾಯಕ್ಕೆ ಟಿಂಚರ್ ಹಚ್ಚಿದ ಹಾಗೆ.
ಕೇಕು ಯಾರು ತಿಂದರೋ,
ನಮಗೆ ಸಿಕ್ಕಿದ್ದು ಅರ್ಧರ್ಧ ಬಾಳೆಹಣ್ಣು.

ಕೊನೆಯ ಪದ ವೈಟ್‌ವಾಶ್.
ಅದು ಅಪ್ಪನಿಗೆ ಗೊತ್ತಿರುವ ಇಂಗ್ಲಿಷ್.
ಬೀಡಿ ಆರಿಸಿದ:
‘ಸಲೀಸು ಅಂದೋನ್ಯಾವನು?
ಹಳೇ ಗೋಡೆ ಕೆರೀಬೇಕು,
ರಾತ್ರಿಯೆಲ್ಲ ಸುಣ್ಣ ನೆನೀಬೇಕು,
ಒಂದು ಹನಿ ಸಿಡಿದ್ರೆ ಕಣ್ಣೇ ಹೋಯ್ತು.
ಮೂರು ಕೈ ಬಳಿದ್ರೂ
ಮಳೆಗೆ ಹಳೇ ಕಲೆ ಎದ್ದು ಬರುತ್ತೆ.’

ಏಣಿ ಹೆಗಲಿಗೇರಿಸಿ ಕಾಕ್ಸ್ ಟೌನ್ ಕಡೆ ನಡೆದ.

ನನ್ನ ಮೊಣಕೈ ತುಂಬ ಕೆಮ್ಮಣ್ಣು ಇನ್ನೂ.
ಹನ್ನೊಂದಕ್ಕೂ ಹಾರಿದ್ದೆ.
ಹನ್ನೆರಡನೆಯದು ಎದೆಗಪ್ಪಿ ಸಿಕ್ಕಿತ್ತು;
ಅದಕ್ಕೇನನ್ನುತ್ತಾರೋ ಇಂಗ್ಲಿಷಿನಲ್ಲಿ,
ಮಿಸ್ಸನ್ನು ಕೇಳಬೇಕು.